ಲೈಬ್ರರಿಯನ್ನರಿಗೆ ಓದೋಕೆ ಪುರುಸೊತ್ತೆಲ್ಲಿ?

ಲೈಬ್ರರಿಯನ್ನರ ಬಗ್ಗೆ ನಮ್ಮ ಜನಕ್ಕೆ ಒಂದು ಗಟ್ಟಿ ನಂಬಿಕೆ ಇದೆ. ಅವರು ಬೆಳಗಿನಿಂದ ಸಂಜೆಯವರೆಗೂ ಓದುತ್ತಾ ಕೂತಿರುತ್ತಾರಂತೆ. "ನಿಮಗೇನು ಬಿಡಿ ಸಾರ್, ಸುತ್ತ ಪುಸ್ತಕ, ತಲೆ ಮೇಲೆ ಫ್ಯಾನು, ತಿಂಗಳಾದರೆ ಸಂಬಳ" ಅಂತ ಮದುವೆ ಮನೆಯ ಪಂಕ್ತಿಯಲ್ಲಿ ಕೂತವರು ಹೊಟ್ಟೆ ಉರಿದುಕೊಳ್ಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಪದವಿ ಕಾಲೇಜೊಂದರಲ್ಲಿ ಗ್ರಂಥಪಾಲಕರಾಗಿರುವ ನನ್ನ ಸ್ನೇಹಿತರು ಇಂಥ ಮಾತಿಗೆ ಉತ್ತರ ಕೊಡುವುದಿಲ್ಲ. ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿಕೊಂಡು ಸುಮ್ಮನಾಗುತ್ತಾರೆ. ಹೇಳಲು ಏನೂ ಇಲ್ಲವೆಂದಲ್ಲ. ಹೊಸ ಪುಸ್ತಕ ಬಂದರೆ ಬಿಲ್ಲಿಗೂ ಪುಸ್ತಕಕ್ಕೂ ತಾಳೆ ನೋಡಬೇಕು, ಅಕ್ಸೆಷನ್ ನಂಬರು ಬರೆಯಬೇಕು, ಸೀಲು ಒತ್ತಬೇಕು, ಬೆನ್ನಿಗೆ ಚೀಟಿ ಅಂಟಿಸಬೇಕು, ಕಂಪ್ಯೂಟರಿಗೂ ತುಂಬಬೇಕು. ವರ್ಷಕ್ಕೊಮ್ಮೆ ಸ್ಟಾಕ್ ವೆರಿಫಿಕೇಶನ್ ಎಂಬ ಧೂಳಿನ ಜಾತ್ರೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುತ್ತದೆಂದರೆ ಐದು ವರ್ಷದ ಲೆಕ್ಕವನ್ನು ಐದು ದಿನದಲ್ಲಿ ಕೊಡಬೇಕು. ಇದೆಲ್ಲ ಮುಗಿಯಿತು ಅನ್ನುವಾಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಪ್ಲಗ್ ಪಾಯಿಂಟ್ ಪಕ್ಕದ ಕುರ್ಚಿಗಾಗಿ ಜಗಳ ತೆಗೆದಿರುತ್ತಾರೆ, ಪಂಚಾಯ್ತಿಗೆ ಹೋಗಬೇಕು.

ಹೀಗೆ ಓದು ಎಂಬುದೇ ಅಪರೂಪವಾದ ಈ ಜೀವನದಲ್ಲಿ ಅವರು ಖಂಡಿತವಾಗಿ ಓದದ ಸಾಹಿತ್ಯ ಒಂದಿದೆ. ಗ್ರಂಥಾಲಯ ನಡೆಸುವುದು ಹೇಗೆ ಅಂತ ಅವರ ಕಸುಬಿನ ಪಂಡಿತರೇ ಮಾಡಿಟ್ಟಿರುವ ಸಂಶೋಧನೆ ಅದು! ಊರಿನವರಿಗೆಲ್ಲ ಬೇಕಾದ ಮಾಹಿತಿ ಹುಡುಕಿಕೊಡುವವರು ತಮ್ಮ ಕೆಲಸಕ್ಕೆ ಬೇಕಾದ ಮಾಹಿತಿಯ ಹತ್ತಿರ ಸುಳಿಯುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಅದನ್ನು ನೋಡಲು ಲೈಬ್ರರಿಗಿಂತ ಒಳ್ಳೆಯ ಜಾಗ ಸಿಗಲಾರದು.

ಹಾಗಂತ ಅವರನ್ನು ಬೈಯುವಂತಿಲ್ಲ. ಸಂಶೋಧನಾ ಪ್ರಬಂಧವೆಂಬುದನ್ನು ಒಮ್ಮೆ ಬಿಡಿಸಿ ನೋಡಿ. ಮೊದಲ ಪುಟದಲ್ಲಿ ಗ್ರಂಥಾಲಯಗಳು ಸಮಾಜಕ್ಕೆ ಮುಖ್ಯ ಎಂದು ಗ್ರಂಥಪಾಲಕರಿಗೇ ತಿಳಿಸಿರುತ್ತಾರೆ. ಅಲ್ಲಿಂದ ಆರು ಪುಟ ಹಿಂದಿನವರು ಏನೇನು ಹೇಳಿದ್ದಾರೆಂಬ ಪುರಾಣ, ಸಾಲಿಗೆ ಮೂರು ಆವರಣ, ಆವರಣದೊಳಗೆ ಯಾರ್‍ಯಾರದೋ ಹೆಸರು ಮತ್ತು ಇಸವಿ. ಆಮೇಲೆ ಸೈದ್ಧಾಂತಿಕ ಚೌಕಟ್ಟು. ಅದಕ್ಕೊಂದು ಚಿತ್ರ, ಚಿತ್ರದೊಳಗೆ ನಾಲ್ಕು ಡಬ್ಬಿ, ಎಲ್ಲ ಡಬ್ಬಿಯಿಂದ ಎಲ್ಲ ಡಬ್ಬಿಗೂ ಬಾಣ. ಮುಂದೆ ಕೋಷ್ಟಕಗಳು: ಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಏನೇ ಆದರೂ ಒಪ್ಪುವುದಿಲ್ಲ. ಅಷ್ಟು ದೂರ ನಡೆದು ಬಂದವನಿಗೆ ಕೊನೆಯ ಪುಟದಲ್ಲಿ ಸಿಗುವುದೇನು? "ಬಳಕೆದಾರರಿಗೆ ತೃಪ್ತಿ ಇದೆ, ಆದರೂ ಸುಧಾರಣೆಗೆ ಅವಕಾಶವಿದೆ, ಇನ್ನಷ್ಟು ಸಂಶೋಧನೆ ಅಗತ್ಯ." ಅಡ್ಡಗೋಡೆಯ ಮೇಲೆ ದೀಪ. ನಾಳೆ ಬೆಳಿಗ್ಗೆ ಬೀಗ ತೆಗೆದಾಗ ನಾನೇನು ಮಾಡಲಿ ಅಂತ ಕೇಳುವ ಲೈಬ್ರರಿಯನ್ನರಿಗೆ ಅಲ್ಲಿ ಒಂದಕ್ಷರ ಇರುವುದಿಲ್ಲ.

ಇರುವುದೂ ಕಷ್ಟ. ಬಹಳಷ್ಟು ಪ್ರಬಂಧ ಹುಟ್ಟುವುದು ಬಡ್ತಿಗಾಗಿ. ಓದುಗ ಅಂತ ಕಣ್ಣ ಮುಂದೆ ಇರುವುದು ಆಯ್ಕೆ ಸಮಿತಿ. ಸಮಿತಿ ಪ್ರಬಂಧವನ್ನು ಎಣಿಸುತ್ತದೆ, ಓದುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಬರೆದವರಿಗೂ ನಷ್ಟವಿಲ್ಲ, ಸಮಿತಿಗೂ ಇಲ್ಲ. ನಷ್ಟವಾದದ್ದು ಪ್ಲಗ್ ಪಾಯಿಂಟ್ ಜಗಳ ಬಿಡಿಸುತ್ತಿರುವ ನಮ್ಮ ಸ್ನೇಹಿತರಿಗೆ ಮಾತ್ರ.

ಈ ಫಜೀತಿಯನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ಆಸ್ಪತ್ರೆ ಮತ್ತು ಮೆಡಿಕಲ್ ಕಾಲೇಜುಗಳ ಲೈಬ್ರರಿಯನ್ನರು. ಅದಕ್ಕೂ ಒಂದು ಕಥೆ ಇದೆ. 1990ರ ದಶಕದಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಡಾಕ್ಟರುಗಳು ಒಂದು ಗಲಾಟೆ ಎಬ್ಬಿಸಿದರು. ಹಿರಿಯ ವೈದ್ಯರು ಹೇಳಿದರೆಂದೋ ನಮ್ಮ ಗುರುಗಳು ಹೀಗೇ ಮಾಡುತ್ತಿದ್ದರೆಂದೋ ಔಷಧಿ ಬರೆಯುವುದು ಸಾಲದು; ಪ್ರಯೋಗದ ಪುರಾವೆ ಏನಿದೆ ನೋಡಿ ಬರೆಯಿರಿ ಅಂದರು. 1993ರಲ್ಲಿ ಕಾಕ್ರೇನ್ ಸಂಘಟನೆ ಶುರುವಾಯಿತು. ಪ್ರಪಂಚದ ಚಿಕಿತ್ಸಾ ಪ್ರಯೋಗಗಳನ್ನೆಲ್ಲ ಜಾಲಾಡಿ, ತೂಗಿ, ಕೊನೆಗೆ ರೋಗಿಗೂ ಅರ್ಥವಾಗುವ ಸರಳ ಮಾತಿನ ಸಾರಾಂಶ ಬರೆಯುವ ಪದ್ಧತಿ ಅಲ್ಲಿ ಬೇರು ಬಿಟ್ಟಿತು. ಈ ಜಾಲಾಟಕ್ಕೆಲ್ಲ ಡಾಕ್ಟರುಗಳ ಬೆನ್ನಿಗೆ ನಿಂತವರು ಯಾರು? ಲೈಬ್ರರಿಯನ್ನರು. ಯಾವ ಡೇಟಾಬೇಸಿನಲ್ಲಿ ಯಾವ ಪದ ಹಾಕಿದರೆ ಯಾವ ಪ್ರಯೋಗ ಸಿಗುತ್ತದೆಂಬುದು ಅವರ ವಿದ್ಯೆ. ಡಾಕ್ಟರಿಗೆ "ಪುರಾವೆ ತಗೊಳ್ಳಿ ಸಾರ್" ಅಂತ ಕೊಟ್ಟೂ ಕೊಟ್ಟೂ ಒಂದು ದಿನ ಅವರಿಗೇ ಹೊಳೆಯಿತು: ನಮ್ಮ ಕಸುಬಿಗೆ ಪುರಾವೆ ಎಲ್ಲಿದೆ? ಹೊಸ ವಿದ್ಯಾರ್ಥಿಗಳಿಗೆ ಓರಿಯೆಂಟೇಶನ್ ಕೊಡುತ್ತೇವೆ, ಅದರಿಂದ ಏನಾದರೂ ಆಗುತ್ತದಾ? ರೆಫರೆನ್ಸ್ ಡೆಸ್ಕಿನಲ್ಲಿ ಹೇಳುವ ಉತ್ತರ ಸರಿ ಇರುತ್ತದಾ? ಕೊಂಡ ಪುಸ್ತಕ ಯಾರಾದರೂ ಮುಟ್ಟುತ್ತಾರಾ?

ಅಮೆರಿಕದ ನ್ಯೂ ಮೆಕ್ಸಿಕೋದ ಜೊನಾಥನ್ ಎಲ್ಡ್ರೆಜ್ 1997ರಲ್ಲಿ ಇದನ್ನೇ ಬಾಯಿಬಿಟ್ಟು ಬರೆದರು. 2001ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಇದೇ ವಿಷಯಕ್ಕೆ ಮೊದಲ ಸಮ್ಮೇಳನವೂ ಆಯಿತು. ಸಮ್ಮೇಳನ ಅಂದಮೇಲೆ ಬ್ಯಾಗು, ಬ್ಯಾಡ್ಜು, ಊಟ ಇರುತ್ತವೆ, ಅಷ್ಟಕ್ಕೇ ಮುಗಿಯುವುದೂ ಉಂಟು. ಇವರದು ಮುಗಿಯಲಿಲ್ಲ. 2006ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಿಂದ 'ಎವಿಡೆನ್ಸ್ ಬೇಸ್ಡ್ ಲೈಬ್ರರಿ ಆ್ಯಂಡ್ ಇನ್ಫರ್ಮೇಷನ್ ಪ್ರ್ಯಾಕ್ಟಿಸ್' ಎಂಬ ತ್ರೈಮಾಸಿಕ ಹೊರಟಿತು. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಸಂಚಿಕೆ ಬಂದಿರುತ್ತದೆ, ಅದು ಬಿಡಿ. ಮುಖ್ಯ ಸಂಗತಿ ಏನೆಂದರೆ, ಅದರಲ್ಲಿ ಎವಿಡೆನ್ಸ್ ಸಮ್ಮರಿ ಅಂತ ಒಂದು ವಿಭಾಗ ಇದೆ. ಬೇರೆ ಪತ್ರಿಕೆಯಲ್ಲಿ ಬಂದ ಉದ್ದನೆಯ ಪ್ರಬಂಧವನ್ನು ತೆಗೆದುಕೊಂಡು, ಇನ್ನೊಬ್ಬ ಲೈಬ್ರರಿಯನ್ನರು ಓದಿ, ಕೆಲವೇ ಪುಟಕ್ಕೆ ಇಳಿಸಿ ಕೊಡುತ್ತಾರೆ.

ಒಂದನ್ನು ಹತ್ತಿರದಿಂದ ನೋಡೋಣ. ಮೊದಲಿಗೆ ತಲೆಬರಹ. ಪ್ರಬಂಧದ ತಲೆಬರಹ "ಇಂಥದ್ದರ ಒಂದು ಅಧ್ಯಯನ" ಎಂದು ಗುಟ್ಟು ಕಾಪಾಡಿಕೊಂಡಿದ್ದರೆ, ಸಮ್ಮರಿಯ ತಲೆಬರಹ ಸಾಮಾನ್ಯವಾಗಿ ಫಲಿತಾಂಶವನ್ನೇ ಹೇಳಿಬಿಡುತ್ತದೆ. ಪತ್ತೇದಾರಿ ಕಾದಂಬರಿಗೆ ಇದು ಮಹಾಪರಾಧ, ಪುರುಸೊತ್ತಿಲ್ಲದವನಿಗೆ ಮಹೋಪಕಾರ. ಆಮೇಲೆ ಚಿಕ್ಕ ಚಿಕ್ಕ ಉಪಶೀರ್ಷಿಕೆ: ಉದ್ದೇಶ ಏನು, ಯಾವ ಬಗೆಯ ಅಧ್ಯಯನ, ಎಲ್ಲಿ ನಡೆಯಿತು, ಯಾರ ಮೇಲೆ, ಹೇಗೆ ಮಾಡಿದರು, ಏನು ಸಿಕ್ಕಿತು, ಲೇಖಕರು ಏನು ತೀರ್ಮಾನ ಮಾಡಿದರು. ಪ್ರತಿ ಬಾರಿಯೂ ಇದೇ ಕ್ರಮ, ಆದ್ದರಿಂದ ಕಣ್ಣಿಗೆ ಬೇಕಾದ್ದು ಬೇಕಾದಲ್ಲೇ ಸಿಗುತ್ತದೆ. ಕೊನೆಗೆ ಕಾಮೆಂಟರಿ. ಇಡೀ ವ್ಯವಹಾರದಲ್ಲಿ ನನಗೆ ಇಷ್ಟವಾದದ್ದು ಈ ಕಾಮೆಂಟರಿಯೇ.

ಯಾಕೆ ಅಂತ ಹೇಳಿದರೆ ಕೆಲವು ಪ್ರೊಫೆಸರುಗಳಿಗೆ ಸಿಟ್ಟು ಬರಬಹುದು. ಸಾರಾಂಶ ಬೇಕಾದರೆ ಪ್ರತಿ ಪ್ರಬಂಧದ ನೆತ್ತಿಯ ಮೇಲೂ ಇದೆಯಲ್ಲ, ಅಬ್‌ಸ್ಟ್ರ್ಯಾಕ್ಟ್ ಅಂತ, ಎನ್ನುತ್ತಾರೆ. ಇದೆ, ನಿಜ. ಆದರೆ ಅದನ್ನು ಬರೆದವರು ಯಾರು? ಪ್ರಬಂಧ ಬರೆದವರೇ. ಹೆಣ್ಣಿನ ಕಡೆಯವರೇ ಹೆಣ್ಣನ್ನು ವರ್ಣಿಸಿದರೆ ಹೇಗಿರುತ್ತದೆ? ಸಂಗೀತ ಗೊತ್ತು, ರಂಗೋಲಿ ಗೊತ್ತು, ಎದುರು ಮಾತಾಡುವುದೇ ಗೊತ್ತಿಲ್ಲ! ಅದಕ್ಕೇ ಹಿರಿಯರು ಆ ಬೀದಿಯಲ್ಲಿರುವ ತಮ್ಮ ಪೈಕಿಯವರನ್ನು ಕರೆದು ಮೆಲ್ಲಗೆ ವಿಚಾರಿಸುತ್ತಿದ್ದರು. ಕಾಮೆಂಟರಿ ಬರೆಯುವ ಲೈಬ್ರರಿಯನ್ನರು ಆ ಬೀದಿಯವರು. ಪ್ರಶ್ನಾವಳಿಗೆ ಉತ್ತರ ಕೊಟ್ಟವರೆಷ್ಟು ಜನ, ಅವರು ತಾವಾಗಿ ಬಂದವರೋ ಆರಿಸಿದವರೋ, ಪ್ರಶ್ನೆಗಳನ್ನು ಪ್ರಕಟಿಸಿದ್ದಾರೋ ಮುಚ್ಚಿಟ್ಟಿದ್ದಾರೋ, ಒಂದು ಊರಿನ ಫಲಿತಾಂಶವನ್ನು ಇನ್ನೊಂದು ಊರಿಗೆ ಅನ್ವಯಿಸಬಹುದೋ ಇಲ್ಲವೋ ಎಂದು ತನಿಖೆ ಮಾಡಿ ಹೇಳುತ್ತಾರೆ.

ಈ ತನಿಖೆಗೂ ಒಂದು ಪಟ್ಟಿ ಇದೆ. ಆ ಪತ್ರಿಕೆಯ ಮೊದಲ ಸಂಪಾದಕಿ ಲಿಂಡ್ಸೆ ಗ್ಲಿನ್ 2006ರಲ್ಲೇ ತಯಾರಿಸಿ ಬೇರೊಂದು ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಅಧ್ಯಯನಕ್ಕೆ ಸಿಕ್ಕ ಜನ, ಮಾಹಿತಿ ಕಲೆಹಾಕಿದ ರೀತಿ, ಅಧ್ಯಯನದ ವಿನ್ಯಾಸ, ಫಲಿತಾಂಶ ಎಂದು ನಾಲ್ಕು ಭಾಗ. ಪ್ರತಿಯೊಂದಕ್ಕೂ ಕೆಲವು ಪ್ರಶ್ನೆ. ಹೌದು, ಇಲ್ಲ, ಸ್ಪಷ್ಟವಿಲ್ಲ ಎಂದು ಗುರುತು ಹಾಕುತ್ತಾ ಹೋಗಬೇಕು. 'ಹೌದು' ಶೇಕಡಾ 75 ದಾಟಿದರೆ ನಂಬಬಹುದಾದ ಅಧ್ಯಯನ ಅಂತ ಲೆಕ್ಕ. ನಮ್ಮ ಕಾಲೇಜುಗಳಲ್ಲಿ ಹುಡುಗರಿಗೆ ಪರೀಕ್ಷೆಗೆ ಕೂರಲು 75 ಹಾಜರಾತಿ ಬೇಕು. ಪ್ರಬಂಧಕ್ಕೂ ಅಷ್ಟೇ ಬೇಕೆಂದರೆ ಎಷ್ಟು ಪ್ರಬಂಧ ಕೊಠಡಿಯ ಹೊರಗೆ ನಿಲ್ಲಬೇಕಾಗುತ್ತದೋ!

ಬರಿಯ ಫಲಿತಾಂಶ ತಿಳಿದರೆ ಸಾಲದು, ಬೀದಿಯವರ ಮಾತೂ ಬೇಕು ಅನ್ನುವುದಕ್ಕೆ ಗ್ರಂಥಾಲಯ ಲೋಕದ ಒಂದು ಹಳೆಯ ರಂಪವನ್ನೇ ಹೇಳುತ್ತೇನೆ. 1986ರಲ್ಲಿ ಅಮೆರಿಕದ ಪೀಟರ್ ಹರ್ನನ್ ಮತ್ತು ಚಾರ್ಲ್ಸ್ ಮೆಕ್‌ಕ್ಲೂರ್ ಎಂಬ ಇಬ್ಬರು ಒಂದು ಬಾಂಬು ಹಾಕಿದರು. ರೆಫರೆನ್ಸ್ ಡೆಸ್ಕಿನಲ್ಲಿ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದು ನೂರರಲ್ಲಿ ಸುಮಾರು 55 ಸಲ ಮಾತ್ರ ಅಂತ. ಅದಕ್ಕೆ 'ಶೇಕಡಾ 55ರ ನಿಯಮ' ಅಂತಲೇ ಹೆಸರಾಯಿತು. ಈ ಬಗೆಯ ಪರೀಕ್ಷೆ ಮಾಡುವುದೂ ಮಜವಾಗಿತ್ತು. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಹಿಡಿದುಕೊಂಡು, ಸಾಮಾನ್ಯ ಓದುಗರ ವೇಷದಲ್ಲಿ ಹೋಗಿ ಕೇಳುವುದು. ಎದುರಿಗಿರುವ ಲೈಬ್ರರಿಯನ್ನರಿಗೆ ಇದು ಪರೀಕ್ಷೆಯೆಂದೇ ಗೊತ್ತಿರುವುದಿಲ್ಲ. ನಮ್ಮ ಪುರಾಣಗಳಲ್ಲಿ ದೇವರುಗಳು ಮಾರುವೇಷದಲ್ಲಿ ಬಂದು ಭಕ್ತರನ್ನು ಪರೀಕ್ಷಿಸುತ್ತಿದ್ದರಲ್ಲ, ಅವರಾದರೂ ಕೊನೆಗೆ ಪ್ರತ್ಯಕ್ಷವಾಗಿ ವರ ಕೊಡುತ್ತಿದ್ದರು. ಇವರು ಕೋಷ್ಟಕ ಕೊಟ್ಟರು.

ಇದು ಎಷ್ಟು ಬೇಗ ಬಾಯಿಂದ ಬಾಯಿಗೆ ಹಬ್ಬಿರಬೇಕು ಊಹಿಸಿ. ಒಂದೇ ಸಾಲು, ಒಂದೇ ಅಂಕಿ, ನೆನಪಿಡಲು ಸುಲಭ, ಬೈಯಲು ಇನ್ನೂ ಸುಲಭ. ಅನುದಾನ ಕೇಳಲು ಹೋದ ಲೈಬ್ರರಿಯನ್ನರ ಮುಖಕ್ಕೆ "ನಿಮ್ಮ ಉತ್ತರ ಅರ್ಧಕ್ಕರ್ಧ ತಪ್ಪಂತಲ್ಲ" ಅಂತ ಎಸೆಯಲು ಇದಕ್ಕಿಂತ ಹದವಾದ ಕಲ್ಲು ಸಿಗದು.

2002ರ ಹೊತ್ತಿಗೆ ಜಾನ್ ರಿಚರ್ಡ್‌ಸನ್ ಮತ್ತು ಮ್ಯಾಥ್ಯೂ ಸ್ಯಾಕ್ಸ್‌ಟನ್ ದಕ್ಷಿಣ ಕ್ಯಾಲಿಫೋರ್ನಿಯಾದ ಸಾರ್ವಜನಿಕ ಗ್ರಂಥಾಲಯಗಳಲ್ಲಿ 9 ಸಾವಿರಕ್ಕೂ ಹೆಚ್ಚು ಪ್ರಶ್ನೆಗಳನ್ನು ಪರಿಶೀಲಿಸಿ, ಛೆ ಛೆ, ಅಷ್ಟೇನೂ ಕೆಟ್ಟಿಲ್ಲ ಅಂದರು. ಅವರ ಲೆಕ್ಕದಲ್ಲಿ ಲೈಬ್ರರಿಯನ್ನರು ನೂರಕ್ಕೆ 90ರಷ್ಟು ಸರಿ! ಹದಿನಾರು ವರ್ಷದಲ್ಲಿ ಅಮೆರಿಕದ ಲೈಬ್ರರಿಯನ್ನರೆಲ್ಲ ಬ್ರಾಹ್ಮೀ ಎಲೆ ತಿಂದು ಬುದ್ಧಿವಂತರಾದರೇ? ಇಲ್ಲ. ಅಳತೆಗೋಲು ಬದಲಾಯಿತು. ಮೊದಲಿನವರು ಎಣಿಸಿದ್ದು ಖಚಿತ ಉತ್ತರವಿರುವ, ತಾವೇ ಆರಿಸಿಕೊಂಡ ಪ್ರಶ್ನೆಗಳನ್ನು: ಉತ್ತರ ಸರಿಯೋ ತಪ್ಪೋ, ಅಷ್ಟೇ. ಆಮೇಲಿನವರು ತೆಗೆದುಕೊಂಡದ್ದು ಜನ ನಿಜವಾಗಿ ಬಂದು ಕೇಳಿದ ಪ್ರಶ್ನೆಗಳನ್ನು. ಲೈಬ್ರರಿಯನ್ನರು ಸರಿಯಾದ ಆಕರವನ್ನೋ ಹುಡುಕುವ ದಾರಿಯನ್ನೋ ತೋರಿಸಿದರೇ ಎಂದು ತಜ್ಞರಿಂದ ತೀರ್ಪು ಹೇಳಿಸಿದರು. ಎರಡೂ ಸುಳ್ಳಲ್ಲ. ಆದರೆ 55 ಮಾತ್ರ ತಲೆಯಲ್ಲಿಟ್ಟುಕೊಂಡವನಿಗೆ ಲೈಬ್ರರಿ ಮುಚ್ಚೋಣ ಅನಿಸುತ್ತದೆ. 90 ಮಾತ್ರ ಓದಿದವನು ಸಿಬ್ಬಂದಿಗೆ ತರಬೇತಿ ಯಾಕೆ ದಂಡ ಅನ್ನುತ್ತಾನೆ. ಹೇಗೆ ಅಳೆದರು ಎಂದು ಹೇಳದ ಸಾರಾಂಶ, ಎಷ್ಟೇ ಸರಳವಾಗಿರಲಿ, ಅಪಾಯಕಾರಿ. ಸರಳ ಇದ್ದಷ್ಟೂ ಹೆಚ್ಚು ಅಪಾಯಕಾರಿ ಅಂತ ನನ್ನ ತಕರಾರು.

ಅದೇ 1986ರಲ್ಲಿ ಇನ್ನೊಂದು ಅಧ್ಯಯನ ಬಂತು. ಕಾನ್‌ಸ್ಟನ್ಸ್ ಮೆಲನ್ ಎಂಬಾಕೆ ಅಮೆರಿಕದ ದಕ್ಷಿಣ ಭಾಗದ ವಿಶ್ವವಿದ್ಯಾಲಯವೊಂದರ 6,000 ವಿದ್ಯಾರ್ಥಿಗಳ ಅನುಭವವನ್ನು ಎರಡು ವರ್ಷ ಗಮನಿಸಿದರು. ಇವರು ಕೋಷ್ಟಕದ ಗೊಡವೆಗೆ ಹೋಗಲಿಲ್ಲ, ಹುಡುಗರಿಂದ ದಿನಚರಿ ಬರೆಸಿದರು. ಲೈಬ್ರರಿಗೆ ಮೊದಲ ಸಲ ಕಾಲಿಟ್ಟಾಗ ಏನನ್ನಿಸಿತು ಅಂದರೆ ಶೇಕಡಾ 75ರಿಂದ 85ರಷ್ಟು ಹುಡುಗರು ಬರೆದದ್ದು ಒಂದೇ: ಭಯ. ಕಟ್ಟಡ ದೊಡ್ಡದು, ಎಲ್ಲಿ ಏನಿದೆ ಗೊತ್ತಿಲ್ಲ, ಹೇಗೆ ಶುರು ಮಾಡುವುದೋ ಗೊತ್ತಿಲ್ಲ. ಅದಕ್ಕಿಂತ ಮುಖ್ಯವಾಗಿ, ಬೇರೆ ಎಲ್ಲರಿಗೂ ಗೊತ್ತಿದೆ, ನನಗೊಬ್ಬನಿಗೇ ಗೊತ್ತಿಲ್ಲ, ಕೇಳಿದರೆ ಮರ್ಯಾದೆ ಹೋಗುತ್ತದೆ ಎಂಬ ನಾಚಿಕೆ.

ಇದನ್ನು ನನ್ನ ಸ್ನೇಹಿತರಿಗೆ ಹೇಳಿದೆ. "ಅಮೆರಿಕಕ್ಕೆ ಯಾಕೆ ಹೋಗ್ಬೇಕಿತ್ರೀ ಆ ಯಮ್ಮ, ನಮ್ಮ ಬಾಗಿಲಲ್ಲಿ ನಿಂತ್ಕೊಂಡಿದ್ರೆ ಆಗ್ತಿತ್ತು" ಅಂದರು. "ಅವರು ಇದ್ದದ್ದೇ ಅಮೆರಿಕದಲ್ಲಿ ಮಾರಾಯ್ರೆ" ಅಂದೆ. ನನ್ನ ಸ್ನೇಹಿತರ ಲೈಬ್ರರಿಯ ಬಾಗಿಲಲ್ಲಿ ನಿಂತು ನೋಡಿದರೆ ಬೋರ್ಡುಗಳ ಮೆರವಣಿಗೆಯೇ ಇದೆ. ಮೌನವಾಗಿರಿ. ಬ್ಯಾಗು ಒಳಗೆ ತರಬೇಡಿ. ಐಡಿ ಕಾರ್ಡ್ ಕಡ್ಡಾಯ. ಪುಸ್ತಕ ಹರಿದರೆ ದಂಡ. ಮೊಬೈಲು ನಿಷೇಧ. ಒಳಗೆ ಬನ್ನಿ, ಏನು ಬೇಕು ಕೇಳಿ ಅನ್ನುವ ಬೋರ್ಡು ಮಾತ್ರ ಇಲ್ಲ. ಮೆಲನ್ ಅವರ ಫಲಿತಾಂಶ ಒಂದು ಪುಟದಲ್ಲಿ, ಕನ್ನಡದಲ್ಲಿ, ಮೊದಲೇ ಕೈಗೆ ಸಿಕ್ಕಿದ್ದರೆ ಆ ಬೋರ್ಡುಗಳಲ್ಲಿ ಒಂದಾದರೂ ಬದಲಾಗುತ್ತಿತ್ತು. ಬಣ್ಣದ ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲ, ಟೆಂಡರು ಕರೆಯಬೇಕಾಗಿಲ್ಲ. ಬೀದಿಯವರ ಮಾತನ್ನೂ ಜತೆಗೆ ಸೇರಿಸಬೇಕು ಅನ್ನಿ: ಇದು ಒಂದೇ ವಿಶ್ವವಿದ್ಯಾಲಯ, ಇಂಟರ್‌ನೆಟ್ ಕಾಣದ ಕಾಲ, ಮೊದಲ ಭೇಟಿಯ ಅನುಭವ ಮಾತ್ರ. ಹಾಗಿದ್ದರೂ ಬೋರ್ಡು ಬದಲಿಸುವಷ್ಟು ಧೈರ್ಯಕ್ಕೆ ಈ ಪುರಾವೆ ಸಾಕು. ಕಟ್ಟಡ ಒಡೆಯುವಷ್ಟಕ್ಕೆ ಸಾಲದು.

ಇನ್ನು, ಒಂದು ಪುಟಕ್ಕೆ ಇಳಿಸಿದರೆ ಸಂಶೋಧನೆಯ ಗಾಂಭೀರ್ಯ ಹೋಗುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ಗುಡ್ಡ ಅಗೆದು ಇಲಿ ಹಿಡಿದವರಿಗೆ ಗುಡ್ಡವನ್ನೂ ತೋರಿಸಬೇಕೆಂಬ ಆಸೆ ಇರುವುದು ಸಹಜ. ಆದರೆ ಒಂದು ಪುಟದಲ್ಲಿ ಹೇಳಲು ಆಗದಿದ್ದರೆ ಇಲಿಯೂ ಸಿಕ್ಕಿಲ್ಲ ಅಂತ ಅರ್ಥ. ಈಗ ಹೊಸದಾಗಿ ಇನ್ನೊಂದು ಗುಂಪು ಬಂದಿದೆ: ಇದಕ್ಕೆಲ್ಲ ಮನುಷ್ಯ ಯಾಕೆ, ಎಐ ಕೈಗೆ ಕೊಟ್ಟರೆ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಸಾರಾಂಶ! ಕೊಡಿ, ಬೇಡ ಅನ್ನುವುದಿಲ್ಲ. ಬಹಳ ವಿನಯದಿಂದ, ಬಹಳ ಚೊಕ್ಕವಾಗಿ ಬರೆದುಕೊಡುತ್ತದೆ. ಆದರೆ ಅದು ಹೆಣ್ಣಿನ ಕಡೆಯವರು ಹೇಳಿದ್ದನ್ನೇ ಇನ್ನೂ ನಯವಾಗಿ ಹೇಳಿತೋ, ಬೀದಿಯಲ್ಲಿ ವಿಚಾರಿಸಿಕೊಂಡು ಬಂತೋ ಎಂದು ನೋಡಬೇಕಾದವರು ಮತ್ತೆ ನೀವೇ. ರ್‍ಯಾಕಿನ ನಡುವೆ ಓಡಾಡಿ, ಹುಡುಗರ ಮುಖ ನೋಡಿ, ಕೆಟ್ಟ ಪ್ರಿಂಟರಿನ ಜತೆ ಗುದ್ದಾಡಿದ ಒಬ್ಬರು "ಇದು ನಮ್ಮಲ್ಲಿ ನಡೆಯಲ್ಲ ಸಾರ್, ಯಾಕೆ ಅಂದ್ರೆ" ಎಂದು ಹೇಳುವ ಮಾತಿಗೆ ಬೇರೆಯೇ ತೂಕ.

ಈ ಮಾತೆಲ್ಲ ಕೆನಡಾದಿಂದಲೇ ಆಮದಾಗಬೇಕಾಗಿರಲಿಲ್ಲ ಎಂಬುದು ನನ್ನ ನಿಜವಾದ ಹೊಟ್ಟೆನೋವು. ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರ ಕೊಟ್ಟ ಎಸ್. ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1931ರಲ್ಲಿ ಆ ಸೂತ್ರಗಳ ಪುಸ್ತಕ ಬಂತು. ಓದುಗರ ಹೊತ್ತು ಹಾಳಾಗಬಾರದು ಎಂಬುದು ನಾಲ್ಕನೆಯ ಸೂತ್ರದ ತಾತ್ಪರ್ಯ. ಅವರು ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು, 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಎಂಬ ತರಬೇತಿ ಸಂಸ್ಥೆ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಆಗಸ್ಟ್ 12ಕ್ಕೆ ಅವರ ಫೋಟೋಗೆ ಹಾರ ಹಾಕಿ ಗ್ರಂಥಪಾಲಕರ ದಿನ ಮಾಡುತ್ತೇವೆ. ಐದೂ ಸೂತ್ರ ಗೋಡೆಗೆ ಹಾಕಿರುತ್ತೇವೆ. ಆದರೆ ಗ್ರಂಥಪಾಲಕರೂ ಒಬ್ಬ ಓದುಗರು, ಅವರ ಹೊತ್ತನ್ನೂ ಯಾರಾದರೂ ಉಳಿಸಬೇಕು ಅಂತ ಆ ಗೋಡೆ ಎದುರು ನಿಂತವರಿಗೆ ಹೊಳೆಯುವುದಿಲ್ಲ. 1965ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿಕೊಂಡ ರಾಜ್ಯ ನಮ್ಮದು. ಹಳ್ಳಿಹಳ್ಳಿಯಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯ ಇದೆ, ಈಗ ಅರಿವು ಕೇಂದ್ರ ಅನ್ನುತ್ತಾರೆ. ಅಲ್ಲಿ ಬಾಗಿಲು ತೆಗೆದು, ಕಸ ಗುಡಿಸಿ, ಮಕ್ಕಳಿಗೆ ಕಥೆ ಹೇಳುವ ಮೇಲ್ವಿಚಾರಕರಿಗೆ ಇಂಗ್ಲಿಷಿನ ಇಪ್ಪತ್ತೈದು ಪುಟ ಕಳಿಸಿ ಏನು ಪ್ರಯೋಜನ? ಕನ್ನಡದ ಒಂದು ಪುಟ ಕಳಿಸಿ.

ಆದ್ದರಿಂದ ಗ್ರಂಥಾಲಯ ವಿಜ್ಞಾನ ವಿಭಾಗಗಳ ಮೇಷ್ಟ್ರುಗಳಲ್ಲಿ ಒಂದು ಅರಿಕೆ. ಎಂ.ಲಿಬ್. ಹುಡುಗರಿಗೆ ಅಸೈನ್‌ಮೆಂಟು ಕೊಡುತ್ತೀರಲ್ಲ, ಇಂಟರ್‌ನೆಟ್ಟಿನಿಂದ ಇಳಿಸಿ ಸ್ಪೈರಲ್ ಬೈಂಡು ಮಾಡಿ ಕೊಡುವಂಥದ್ದು, ಅದರ ಬದಲು ಒಬ್ಬೊಬ್ಬರಿಗೆ ಒಂದೊಂದು ಪ್ರಬಂಧ ಕೊಡಿ. ಕನ್ನಡದಲ್ಲಿ ಒಂದು ಪುಟ ಬರೆಸಿ. ಅರ್ಧ ಪುಟ ಏನು ಮಾಡಿದರು, ಏನು ಸಿಕ್ಕಿತು. ಉಳಿದರ್ಧ ನಂಬಬಹುದೇ, ನಮ್ಮ ತಾಲೂಕಿನ ಲೈಬ್ರರಿಯಲ್ಲಿ ನಡೆಯುತ್ತದೆಯೇ. 'ಇನ್ನಷ್ಟು ಸಂಶೋಧನೆ ಅಗತ್ಯ' ಎಂದು ಬರೆದವರಿಗೆ ಎರಡು ಅಂಕ ಕಡಿತ. ಬರೆದದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕದೆ ಗ್ರಂಥಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ದಿನಾ ಬರುವ ಶುಭೋದಯದ ಗುಲಾಬಿ ಹೂವಿನ ನಡುವೆ ಒಂದು ಕೆಲಸದ ಮಾತೂ ಹೋಗಲಿ. ಬರೆಯುವುದು ಹೇಗೆ ಎಂಬುದಕ್ಕೆ ಮಾದರಿ ಬೇಕಾದರೆ ಆ ಕೆನಡಾದ ಪತ್ರಿಕೆ ಇದ್ದೇ ಇದೆ. ವರ್ಷಕ್ಕೆ ನಾಲ್ಕು ಸಂಚಿಕೆ, ಚಂದಾ ಇಲ್ಲ, ಪಾಸ್‌ವರ್ಡೂ ಬೇಕಿಲ್ಲ.